ಚಿಕ್ಕಪ್ಪನ ಕಡಲಿಗೆ ಪಾಚಿ ಬಂದ ಬೇಸಿಗೆ

2024ರ ಬೇಸಿಗೆಯಲ್ಲಿ ನೀವು ಬೆಂಗಳೂರಿನ ಯಲಹಂಕದಲ್ಲೋ ಸಹಕಾರನಗರದಲ್ಲೋ ಇದ್ದವರಾದರೆ, ಟ್ಯಾಂಕರಿನ ಹಾರ್ನಿಗೆ ಬೆಳಗಿನ ಜಾವವೇ ಎದ್ದು ಕೂತವರೇ ಇರಬೇಕು. ಮಿಕ್ಕವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮಾರ್ಚ್ ಹೊತ್ತಿಗೆ ನಗರದ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತ ಮಿತಿ ಹಾಕಿತು: ಐದು ಕಿಲೋಮೀಟರಿನ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಆ ದರದ ನೀರು ಯಾರ ಮನೆಗೆ ಹೋಯಿತೋ ಗೊತ್ತಿಲ್ಲ, ನಮ್ಮ ಚಿಕ್ಕಪ್ಪನ ಬೀದಿಗಂತೂ ಬರಲಿಲ್ಲ.

ಅಂಥ ಬೇಸಿಗೆಯಲ್ಲಿ ಯಲಹಂಕ ನ್ಯೂ ಟೌನಿನ ಅವರ ಮನೆಯ ಹಾಲಿನಲ್ಲಿ ಮುನ್ನೂರು ಲೀಟರ್ ಸಮುದ್ರ ಇತ್ತು.

ಚಿಕ್ಕಪ್ಪ ಯಲಹಂಕದ ಗಾಲಿ ಕಾರ್ಖಾನೆಯವರು. 1984ರಲ್ಲಿ ಶುರುವಾದಾಗ ಅದರ ಹೆಸರು ವೀಲ್ ಅಂಡ್ ಆಕ್ಸಲ್ ಪ್ಲಾಂಟ್, ಈಗ ರೈಲ್ ವೀಲ್ ಫ್ಯಾಕ್ಟರಿ. ಗುಜರಿ ಉಕ್ಕು ಕರಗಿಸಿ ರೈಲಿನ ಗಾಲಿ ಎರಕ ಹೊಯ್ಯುವ ಜಾಗ. ಅಲ್ಲಿನ ಲ್ಯಾಬಿನಲ್ಲಿ ಅವರ ಕೆಲಸ. ಕರಗಿದ ಉಕ್ಕಿನ ಸ್ಯಾಂಪಲ್ಲಿನಲ್ಲಿ ಇಂಗಾಲ ಎಷ್ಟು, ಗಂಧಕ ಎಷ್ಟು, ಫಾಸ್ಫರಸ್ ಎಷ್ಟು ಅಂತ ಹೇಳಬೇಕು. ಫಾಸ್ಫರಸ್ ಜಾಸ್ತಿಯಾದರೆ ಉಕ್ಕು ಪೆಡಸಾಗಿ ಬಿರುಕು ಬಿಡುತ್ತದೆ. ಗಾಲಿಯ ಉಕ್ಕಿನಲ್ಲಿ ಅದು ಶೇಕಡಾ 0.03 ದಾಟುವಂತಿಲ್ಲ. ನಿವೃತ್ತಿಯಾದ ಮೇಲೆ ಅವರ ಜೊತೆಯವರು ಹೂಕುಂಡಕ್ಕೋ ದೇವಸ್ಥಾನದ ಕಮಿಟಿಗೋ ಬಿದ್ದರೆ, ಇವರು ಮರೀನ್ ಟ್ಯಾಂಕಿಗೆ ಬಿದ್ದರು. ಅದರಲ್ಲೂ ಸ್ಯಾಂಪಲ್ ಇದೆ, ಟೆಸ್ಟ್ ಇದೆ, ಬರೆದಿಡಲು ನೋಟ್‌ಬುಕ್ ಇದೆ. ಬಿಡಲಾಗದ ಚಟ.

ಟ್ಯಾಂಕಿನಲ್ಲಿ ದೊಡ್ಡ ವೈಭವವೇನೂ ಇರಲಿಲ್ಲ. ಒಂದು ಜೋಡಿ ಕ್ಲೌನ್ ಮೀನು, ಬಂಡೆಗೆ ಹೊಟ್ಟೆ ಅಂಟಿಸಿಕೊಂಡು ಕೂರುವ ಒಂದು ಬ್ಲೆನ್ನಿ, ಒಂದಷ್ಟು ಶಂಖದ ಹುಳ, ಮತ್ತೆ ಮೃದು ಹವಳಗಳು: ಜೋಅಂಥಿಡ್, ಮಶ್ರೂಮ್, ಒಂದು ಲೆದರ್ ಕೋರಲ್. ಗಟ್ಟಿ ಹವಳ ಇಡಲಿಲ್ಲ. ನಮ್ಮ ದೇಶದ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಎಲ್ಲಿದೆಯೋ ಅಲ್ಲೇ. ಮರಳು ಕ್ಲೀನ್ ಮಾಡೋಕೆ ಸೀ ಕುಕುಂಬರ್ ಬಹಳ ಒಳ್ಳೇದು ಅಂತ ಯಾರೋ ಅಂದಾಗ ಚಿಕ್ಕಪ್ಪ ಅದನ್ನೂ ಪಟ್ಟಿ ತೆಗೆದು ನೋಡಿದರು. ಅದೂ ಅಲ್ಲಿತ್ತು. "ಪೆನ್ಶನ್ ತಗೊಳ್ಳೋನು ನಾನು, ಜೈಲಿಗೆ ಹೋಗೋಕಾಗಲ್ಲ" ಅಂತ ಮಾತು ಮುಗಿಸಿದರು.

ಈಗ ನೀರಿನ ವಿಷಯ. ಬೆಂಗಳೂರಿಗೂ ಕಡಲಿಗೂ ಸುಮಾರು ಮುನ್ನೂರು ಕಿಲೋಮೀಟರ್ ದೂರ. ಹಾಗಾಗಿ ಇಲ್ಲಿ ಕಡಲು ಮಾಡುವುದು ಹೀಗೆ: ನೀರಲ್ಲಿರುವುದನ್ನೆಲ್ಲ ತೆಗೆದು ಬರೀ ನೀರು ಉಳಿಸಿಕೊಳ್ಳಬೇಕು, ಅದಕ್ಕೆ ಲೀಟರಿಗೆ 35 ಗ್ರಾಮಿನ ಲೆಕ್ಕದಲ್ಲಿ ಉಪ್ಪು ಕಲೆಸಬೇಕು. ತೆಗೆಯುವ ಕೆಲಸ ಆರ್‌ಒ ಫಿಲ್ಟರಿನದು. ಅದು ಬಿಟ್ಟುಬಿಟ್ಟದ್ದನ್ನು ಹಿಡಿಯುವುದು ಅದರ ಹಿಂದೆ ಕೂರಿಸಿದ ಡಿಐ ರೆಸಿನ್. ಒಂದು ಲೀಟರ್ ಶುದ್ಧ ನೀರು ಬಂದರೆ ಮೂರು ನಾಲ್ಕು ಲೀಟರ್ ಪೈಪಿನಲ್ಲಿ ವೇಸ್ಟ್ ಹೋಗುತ್ತದೆ. ಚಿಕ್ಕಮ್ಮ ಅದನ್ನೊಂದು ಡ್ರಮ್ಮಿಗೆ ಹಿಡಿದು ನೆಲ ಒರೆಸಲು, ಬಚ್ಚಲಿಗೆ ಬಳಸುತ್ತಿದ್ದರು. ಆದರೂ ವಾರಕ್ಕೊಮ್ಮೆ ಮೂವತ್ತು ಲೀಟರ್ ಹೊಸ ಉಪ್ಪುನೀರು ಮಾಡಬೇಕೆಂದರೆ ನೂರೈವತ್ತು ಲೀಟರಿನ ಹತ್ತಿರ ನೀರು ಬೇಕು. ಮಾರ್ಚ್ ಮಧ್ಯದಲ್ಲಿ ಮನೆಯ ಬೋರ್‌ವೆಲ್ ಗೊರಗೊರ ಅಂದು ನಿಂತಿತು. ಆವತ್ತೇ ಚಿಕ್ಕಮ್ಮ ತೀರ್ಪು ಕೊಟ್ಟರು.

"ಏನ್ರೀ, ನಮಗೆ ಸ್ನಾನಕ್ಕೆ ಬಕೆಟ್ ಲೆಕ್ಕ, ನಿಮ್ಮ ಮೀನಿಗೆ ವಾರವಾರ ಅಭ್ಯಂಜನವಾ? ಮಳೆ ಬರೋವರೆಗೂ ಅದೆಲ್ಲ ಬಂದ್."

ವಾಟರ್ ಚೇಂಜ್ ಬಂದ್ ಆಯಿತು. ಆದರೆ ಟಾಪ್ ಅಪ್ ಬಂದ್ ಮಾಡುವ ಹಾಗಿರಲಿಲ್ಲ. ಈ ಕತೆಯ ಮೂಲ ಅಲ್ಲೇ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ವರ್ಷ ಏಪ್ರಿಲ್ 28ಕ್ಕೆ ಬೆಂಗಳೂರಲ್ಲಿ 38.5 ಡಿಗ್ರಿ. ಟ್ಯಾಂಕಿನ ನೀರು 26ರ ಆಸುಪಾಸು ಇರಬೇಕು. ಚಿಲ್ಲರ್ ಇಲ್ಲದ ಮನೆಯಲ್ಲಿ ಇರುವ ಉಪಾಯ ಒಂದೇ, ನೀರಿನ ಮೇಲೆ ಫ್ಯಾನ್ ತಿರುಗಿಸಿ ಆವಿಯಾಗಲು ಬಿಡುವುದು. ಫ್ಯಾನ್ ಬಿಟ್ಟರೆ ದಿನಕ್ಕೆ ಆರೇಳು ಲೀಟರ್ ಹಾರಿಹೋಗುತ್ತದೆ. ಹಾರುವುದು ನೀರು ಮಾತ್ರ. ಉಪ್ಪು, ನೈಟ್ರೇಟ್, ಫಾಸ್ಫೇಟ್ ಎಲ್ಲ ಅಲ್ಲೇ ಕೂರುತ್ತವೆ. ಅಷ್ಟೇ ಸಿಹಿನೀರು ವಾಪಸ್ ಹಾಕದಿದ್ದರೆ ಉಪ್ಪು ಏರಿ ಹವಳ ಸಾಯುತ್ತದೆ. ಹಾಕಿದ ನೀರಿನಲ್ಲಿ ಏನಾದರೂ ಇದ್ದರೆ ಅದೂ ದಿನದಿನಕ್ಕೂ ಒಳಗೇ ಜಮೆ.

ಬೋರ್ ನಿಂತ ಮೇಲೆ ತರಿಸುತ್ತಿದ್ದ ಟ್ಯಾಂಕರ್ ನೀರಿನಲ್ಲಿ ಇತ್ತು. ಯಾವ ಬೋರ್‌ವೆಲ್ಲಿನದೋ, ಒಂದು ದಿನ ಬಂದದ್ದು ಇನ್ನೊಂದು ದಿನ ಬಂದ ಹಾಗಿರಲಿಲ್ಲ, ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ್ದರ ಅಳತೆ, ಸಾವಿರದ ಹತ್ತಿರ ತೂಗುತ್ತಿತ್ತು. ಬೆಂಗಳೂರಿನ ನೆಲದಡಿ ನೀರಿನಲ್ಲಿ ನೈಟ್ರೇಟ್ ಇರುವುದು ಹೊಸ ಸುದ್ದಿಯಲ್ಲ. ಚರಂಡಿ, ಶೌಚಗುಂಡಿ, ಹಳೆಯ ಹೊಲಗಳ ಗೊಬ್ಬರ ಎಲ್ಲ ಇಳಿದು ಸೇರಿದ್ದು ಅಲ್ಲಿಗೇ. ಮನುಷ್ಯರು ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ತನಕ ನೈಟ್ರೇಟ್ ಇರಬಹುದು ಅನ್ನುತ್ತದೆ ಬಿಐಎಸ್. ರೀಫ್, ಅಂದರೆ ಹವಳದ ಟ್ಯಾಂಕಿನವರು 10 ದಾಟಿದರೇ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಆರ್‌ಒ ಪೊರೆಗೆ ನೈಟ್ರೇಟ್ ಅಂದರೆ ಸ್ವಲ್ಪ ಸಡಿಲ, ಹತ್ತರಲ್ಲಿ ಒಂದು ಪಾಲು ನುಸುಳಿಬಿಡುತ್ತದೆ. ಅದನ್ನು ಹಿಡಿಯಬೇಕಾದ ರೆಸಿನ್ ಆ ನೀರಿಗೆ ತಿಂಗಳುಗಟ್ಟಲೆ ಬಾಳುವುದು ಹೋಗಿ ವಾರಗಳಲ್ಲೇ ಸುಸ್ತಾಯಿತು. ಸುಸ್ತಾಗುವ ರೆಸಿನ್ ಮೊದಲು ಕೈಬಿಡುವುದು ಸಿಲಿಕಾವನ್ನು. ಟಿಡಿಎಸ್ ಮೀಟರಿಗೆ ಸಿಲಿಕಾ ಕಾಣುವುದೇ ಇಲ್ಲ. ಮೀಟರು ಸೊನ್ನೆ ತೋರಿಸುತ್ತಲೇ ಇರುತ್ತದೆ.

ಮೊದಲು ಬಂದದ್ದು ಕಂದು ಪುಡಿ. ಮರಳಿನ ಮೇಲೆ, ಗಾಜಿನ ಮೇಲೆ ಯಾರೋ ಕಾಫಿಪುಡಿ ಜರಡಿ ಹಿಡಿದಂತೆ. ಅದು ಡಯಾಟಮ್, ಮೈಗೆ ಸಿಲಿಕಾದ ಚಿಪ್ಪು ಕಟ್ಟಿಕೊಳ್ಳುವ ಏಕಕೋಶ ಜೀವಿ. ಚಿಕ್ಕಪ್ಪ ನೋಡಿದ ಕೂಡಲೇ ರೆಸಿನ್ ಮೇಲೆ ಗುಮಾನಿಪಟ್ಟರು, ಹೊಸದಕ್ಕೆ ಆರ್ಡರ್ ಹಾಕಿದರು. ಬರುವುದು ತಡವಾಯಿತು. ಅಷ್ಟರಲ್ಲಿ ಮೀಟರೂ ಸೊನ್ನೆ ಬಿಟ್ಟು ಏರತೊಡಗಿತು. ಕಾಯುವಂತಿರಲಿಲ್ಲ, ಉಪ್ಪು ಏರುತ್ತಿತ್ತು. ಇದ್ದ ನೀರನ್ನೇ ಹೊಯ್ದರು. ಅವರ ನೋಟ್‌ಬುಕ್ಕಿನಲ್ಲಿ ಆ ಲೆಕ್ಕ ಈಗಲೂ ಇದೆ: ದಿನಕ್ಕೆ ಆರು ಲೀಟರ್, ಲೀಟರಿಗೆ 5 ಮಿಲಿಗ್ರಾಂ ನೈಟ್ರೇಟ್, ಮುನ್ನೂರು ಲೀಟರಿಗೆ ಹಂಚಿದರೆ ದಿನಕ್ಕೆ 0.1, ತಿಂಗಳಿಗೆ 3. ಮೀನಿಗೆ ಹಾಕುವ ತಿಂಡಿಯದು ಬೇರೆ. ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ.

ಏಪ್ರಿಲ್ ಮುಗಿಯುವ ಹೊತ್ತಿಗೆ ಹಸಿರು ಕೂದಲು ಬಂತು. ಮೊದಲು ಬಂಡೆಯ ಅಂಚಿಗೆ ಮಖಮಲ್ಲಿನಷ್ಟು. ಹದಿನೈದು ದಿನದಲ್ಲಿ ಬೆರಳುದ್ದ. ಪಂಪಿನ ಅಲೆಗೆ ಅತ್ತ ಇತ್ತ ಓಲಾಡುವುದು. ನೋಡಲು ಚೆನ್ನಾಗಿಯೇ ಇತ್ತು ಅಂದರೆ ಚಿಕ್ಕಪ್ಪ ಬೈದಾರು. ಆದರೆ ಅದರ ಬುಡದಲ್ಲಿ ಜೋಅಂಥಿಡ್‌ಗಳು ಬಾಯಿ ಮುಚ್ಚಿಕೊಂಡು ಕೂತಿದ್ದವು. ಶಂಖದ ಹುಳಗಳು ಮುಟ್ಟುತ್ತಿರಲಿಲ್ಲ. ಅವು ತಿನ್ನುವುದು ಗಿಡ್ಡ ಪಾಚಿಯನ್ನು, ಉದ್ದ ಬೆಳೆದದ್ದರ ಪಕ್ಕದಿಂದ ಹಾದುಹೋಗುತ್ತವೆ. ಬ್ಲೆನ್ನಿ ಒಬ್ಬನೇ ಎಷ್ಟು ಮೇಯ್ದಾನು?

ನಿಜವಾದ ಕಡಲಿನಲ್ಲೂ ಈ ಲೆಕ್ಕ ನಡೆಯುವುದು ಮೇಯುವವರ ಮೇಲೆಯೇ. 1983ರಲ್ಲಿ ಪನಾಮಾದ ಬಳಿ ಶುರುವಾದ ಒಂದು ರೋಗ ಕೆರಿಬಿಯನ್ ಉದ್ದಕ್ಕೂ ಡಯಾಡೆಮಾ ಅನ್ನುವ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳನ್ನು ಬಳಿದು ಹಾಕಿತು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತವು. ಮೇಯುವವರು ಹೋದದ್ದೇ ತಡ, ಜಮೈಕಾದ ಹವಳದ ದಿಬ್ಬಗಳ ಮೇಲೆ ಪಾಚಿ ಹೊದಿಕೆ ಎಳೆಯಿತು. ಅಷ್ಟು ದೊಡ್ಡ ಸಮುದ್ರಕ್ಕೇ ಹಾಗಾದರೆ ನಾಲ್ಕಡಿ ಗಾಜಿನ ಪೆಟ್ಟಿಗೆಯ ಪಾಡೇನು.

ಚಿಕ್ಕಪ್ಪನಿಗೆ ತಲೆಕೆಟ್ಟದ್ದು ಪಾಚಿಯಿಂದಲ್ಲ, ಟೆಸ್ಟಿನಿಂದ. ಹನಿ ಹಾಕಿ, ಅಲುಗಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಫಾಸ್ಫೇಟ್ ಸೊನ್ನೆ. ನೈಟ್ರೇಟ್ ಸೊನ್ನೆ. "ಮೂವತ್ತು ವರ್ಷ ಫಾಸ್ಫರಸ್ ಹಿಡಿದವನು ನಾನು. ಕಣ್ಣೆದುರಿಗೆ ಇಷ್ಟು ಬೆಳೆದಿದೆ, ಟೆಸ್ಟ್ ನೋಡಿದರೆ ಏನೂ ಇಲ್ಲ ಅಂತದೆ!" ಎಂದು ಬಾಟಲಿಗಳನ್ನೇ ಅನುಮಾನಿಸಿದರು. ಟೆಸ್ಟ್ ಸುಳ್ಳು ಹೇಳಿರಲಿಲ್ಲ. ನೀರಿಗೆ ಬಿದ್ದದ್ದನ್ನು ಬಿದ್ದ ಗಳಿಗೆಯಲ್ಲೇ ಪಾಚಿ ನುಂಗುತ್ತಿತ್ತು. ಅಳತೆಗೆ ಸಿಗುವುದು ನುಂಗಿ ಉಳಿದದ್ದು ಮಾತ್ರ.

ಈ ನಡುವೆ ಸಲಹೆಗಳಿಗೇನೂ ಬರ ಇರಲಿಲ್ಲ. ಮೂರು ದಿನ ಟ್ಯಾಂಕಿಗೆ ಕಪ್ಪು ಬಟ್ಟೆ ಹೊದಿಸಿ ಅಂದರು ಒಬ್ಬರು. ಹೈಡ್ರೋಜನ್ ಪೆರಾಕ್ಸೈಡ್ ಅಂದರು ಇನ್ನೊಬ್ಬರು. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಹಾಕಿ ಅಂದರು ಅಂಗಡಿಯವರು. ಅದು ನೋಡಲು ತುಕ್ಕು, ಇರುವುದೂ ಹೆಚ್ಚುಕಮ್ಮಿ ತುಕ್ಕೇ. ಕೆಲಸ ಮಾಡುವುದೂ ನಿಜ. ಆದರೆ ಆರ್.ಟಿ. ನಗರದಲ್ಲಿ ಚಿಕ್ಕಪ್ಪನ ಗೆಳೆಯರೊಬ್ಬರು ಅದನ್ನೇ ಧಾರಾಳವಾಗಿ ಹಾಕಿದ್ದರು. ಕೂದಲು ಪಾಚಿ ಹೋಯಿತು, ಹವಳ ಬಿಳಿಚಿತು, ತಿಂಗಳೊಳಗೆ ಬಂಡೆಯ ಮೇಲೆ ಕಂದು ಸಿಂಬಳದಂಥದ್ದು ಇಳಿಬಿತ್ತು, ಎಳೆಎಳೆಗೂ ಗಾಳಿಗುಳ್ಳೆ. ಡೈನೊಫ್ಲಾಜೆಲೇಟ್. ತಿಂದ ಶಂಖದ ಹುಳಗಳು ಮಗುಚಿಕೊಂಡವು. ನೈಟ್ರೇಟ್, ಫಾಸ್ಫೇಟ್ ಎರಡೂ ತಳ ಕಂಡ ಟ್ಯಾಂಕಿನಲ್ಲಿ ಇದು ಮೆರೆಯುವುದನ್ನು ಈ ಹವ್ಯಾಸದವರು ಬೇಕಾದಷ್ಟು ಸಲ ಕಂಡಿದ್ದಾರೆ. ಆ ಪುಣ್ಯಾತ್ಮರು ಕೊನೆಗೆ ಫಾಸ್ಫೇಟನ್ನು ತಾವೇ ಅಳೆದು ನೀರಿಗೆ ಹಾಕಬೇಕಾಯಿತು. ಅದನ್ನು ನೋಡಿ ಬಂದ ಮೇಲೆ ಚಿಕ್ಕಪ್ಪ ಹರಳಿನ ಡಬ್ಬಿ ಮುಚ್ಚಿಟ್ಟರು.

ಮತ್ತೊಂದು ಸಲಹೆ ಫ್ಲೂಕೊನಜೋಲ್. ಮನುಷ್ಯರಿಗೆ ಹುಳುಕಡ್ಡಿಗೆ ಕೊಡುವ ಮಾತ್ರೆ. ಬ್ರಯಾಪ್ಸಿಸ್, ಡರ್ಬೀಸಿಯಾದಂಥ ಕೂದಲು ಪಾಚಿಗೆ ಇದನ್ನು ಲೀಟರಿಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಹಾಕುವವರು ಜಗತ್ತಿನ ತುಂಬ ಇದ್ದಾರೆ. ಮುನ್ನೂರು ಲೀಟರಿಗೆ 150 ಮಿಲಿಗ್ರಾಮಿನ ಹತ್ತು ಮಾತ್ರೆ. ನಾನೂ ಜೊತೆಗೆ ಮೆಡಿಕಲ್ ಶಾಪಿಗೆ ಹೋಗಿದ್ದೆ.

"ಹತ್ತು ಕೊಡಪ್ಪ" ಅಂದರು ಚಿಕ್ಕಪ್ಪ.

ಅಂಗಡಿಯ ಹುಡುಗ ಮೇಲಿಂದ ಕೆಳಗೆ ನೋಡಿದ. "ಸಾರ್, ಇದು ವಾರಕ್ಕೊಂದು ತಗೊಳ್ಳೋ ಮಾತ್ರೆ. ಚೀಟಿ ಇದೆಯಾ?"

"ಚೀಟಿ ಯಾಕೆ? ಎಲ್ಲ ಒಂದೇ ಸಲಕ್ಕೆ ಬೇಕು."

"ಒಂದೇ ಸಲಕ್ಕಾ! ಯಾರಿಗೆ ಸಾರ್?"

"ಟ್ಯಾಂಕಿಗೆ."

ಹಿಂದೆ ನಿಂತಿದ್ದ ಹೆಂಗಸೊಬ್ಬರು ಎರಡು ಹೆಜ್ಜೆ ದೂರ ಸರಿದರು. ಮಾಲೀಕರೇ ಒಳಗಿಂದ ಎದ್ದು ಬಂದು, "ಯಜಮಾನ್ರೇ, ಚೀಟಿ ಇಲ್ಲದೆ ಕೊಡಕ್ಕಾಗಲ್ಲ, ನೀರಿನ ಟ್ಯಾಂಕಿಗೆ ಅಂದ್ರಂತೂ ಕೊಡೋದೇ ಇಲ್ಲ" ಅಂದರು. ಯಾವ ಟ್ಯಾಂಕು ಅಂತ ವಿವರಿಸುವ ಉತ್ಸಾಹ ಚಿಕ್ಕಪ್ಪನಿಗೆ ಉಳಿದಿರಲಿಲ್ಲ. ಕೊಡದಿದ್ದವರು ಒಳ್ಳೆಯದನ್ನೇ ಮಾಡಿದರು ಅನ್ನಿ. ಮಾತ್ರೆಯಿಂದ ಸತ್ತ ಪಾಚಿ ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಕೊಳೆತು, ನುಂಗಿದ್ದನ್ನೆಲ್ಲ ಮತ್ತೆ ನೀರಿಗೆ ಕಕ್ಕುತ್ತದೆ.

ದಾರಿ ತೋರಿಸಿದ್ದು ಎದುರುಮನೆ ಹುಡುಗಿ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುತ್ತಿದ್ದಳು. ಒಂದು ಎಳೆ ತೆಗೆದುಕೊಂಡು ಹೋಗಿ ಮೈಕ್ರೋಸ್ಕೋಪಿನಲ್ಲಿ ನೋಡಿ ಬಂದು, "ಅಂಕಲ್, ಅಡ್ಡಗೋಡೆಯೇ ಇಲ್ಲದ ಉದ್ದ ನಳಿಗೆ, ಗರಿ ಥರ ಕವಲೂ ಇಲ್ಲ, ಡರ್ಬೀಸಿಯಾ ಇರಬೇಕು" ಅಂದಳು. ಆಮೇಲೆ ಕೇಳಿದಳು: "ನೀವು ದಿನಾ ಜಕ್ಕೂರು ಕೆರೆಗೆ ವಾಕಿಂಗ್ ಹೋಗ್ತೀರಲ್ಲ, ಜೊಂಡು ನೋಡಿಲ್ವಾ?"

ನೋಡದೆ ಏನು? ಕೆರೆಯ ಉತ್ತರದ ತುದಿಯಲ್ಲಿ ಆಳೆತ್ತರದ ಜೊಂಡಿನ ಬಯಲೇ ಇದೆ. ಆದರೆ ಅದು ಅಲ್ಲಿ ಮಾಡುತ್ತಿರುವ ಕೆಲಸ ಏನು ಅಂತ ಚಿಕ್ಕಪ್ಪ ಕೇಳಿಕೊಂಡಿರಲಿಲ್ಲ. ಮರುದಿನ ಬೆಳಿಗ್ಗೆ ಮೂವರೂ ಹೋದೆವು.

ಜಕ್ಕೂರು ಕೆರೆ ಸುಮಾರು 160 ಎಕರೆ. ಅದಕ್ಕೆ ನೀರು ಬರುವುದು ಬಹುಪಾಲು ಪಕ್ಕದ ಚರಂಡಿ ನೀರು ಶುದ್ಧೀಕರಣ ಘಟಕದಿಂದ. ಮೊದಲಿಗೆ ಅದರ ಸಾಮರ್ಥ್ಯ ದಿನಕ್ಕೆ ಒಂದು ಕೋಟಿ ಲೀಟರ್. ಘಟಕ ಕೊಳೆ ತೆಗೆಯುತ್ತದೆ, ಆದರೆ ಕರಗಿದ ಸಾರಜನಕ, ಫಾಸ್ಫರಸ್ ಬಹಳಷ್ಟು ಹಾಗೇ ಉಳಿಯುತ್ತದೆ. ಅದನ್ನು ನೇರ ಕೆರೆಗೆ ಬಿಟ್ಟರೆ ಕೆರೆ ಹಸಿರು ಗಂಜಿಯಾಗಬೇಕು. ಬಿಡುವುದಿಲ್ಲ. ಮೊದಲು ಜೊಂಡು, ಪಾಚಿ ಬೆಳೆದ ಜೌಗಿನ ಮೂಲಕ ಹರಿಸುತ್ತಾರೆ. ಅಲ್ಲಿನ ಗಿಡಗಳು ತಮ್ಮ ಪಾಲು ತಿಂದು ಉಳಿದದ್ದು ಕೆರೆಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಇದನ್ನು ಅಳೆದು ನೋಡಿ, ಬೆಂಗಳೂರಿನ ಬೇರೆ ಕೆರೆಗಳಿಗೂ ಇದು ಮಾದರಿ ಅಂತ 2014ರಲ್ಲೇ ವರದಿ ಬರೆದಿದ್ದಾರೆ. ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಬೆಳ್ಳಂದೂರು ಕೆರೆ ನೊರೆ ಉಗುಳಿ, ಬೆಂಕಿ ಹತ್ತಿಕೊಂಡು ಪೇಪರಿನಲ್ಲಿ ಬರುತ್ತಿತ್ತು. ಜಕ್ಕೂರಿನಲ್ಲಿ ಪೆಲಿಕನ್‌ಗಳು ಮೀನು ಹಿಡಿಯುತ್ತಿದ್ದವು.

"ಒಂದೇ ತೊಂದರೆ ಅಂಕಲ್" ಅಂದಳು ಹುಡುಗಿ. "ಜೊಂಡನ್ನ ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕಬೇಕು. ಹಾಗೇ ಬಿಟ್ರೆ ಅಲ್ಲೇ ಕೊಳೆತು ತಿಂದದ್ದನ್ನ ವಾಪಸ್ ಕೊಡುತ್ತೆ."

ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂದ್ರೆ ಬೆಳೆಯೋದು ತಪ್ಪಲ್ಲ, ಬೆಳೀತಿರೋ ಜಾಗ ತಪ್ಪು" ಅಂದರು. ವಾಪಸ್ ಬರುವಾಗ ನನಗಿಂತ ಜೋರಾಗಿ ನಡೆಯುತ್ತಿದ್ದರು.

ಟ್ಯಾಂಕಿನವರಿಗೆ ಈ ವಿದ್ಯೆ ಹೊಸದಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡೀ 1980ರ ದಶಕದ ಮೊದಲಲ್ಲೇ, ಕಟ್ಟಡದೊಳಗೆ ಹವಳದ ದಿಬ್ಬ ಸಾಕಲು ಇದನ್ನೇ ಮಾಡಿದ್ದರು. ಒರಟಾದ ಜಾಲರಿಯ ಮೇಲೆ ನೀರು ಹರಿಸಿ, ಜೋರು ಬೆಳಕು ಕೊಟ್ಟು ಪಾಚಿಯನ್ನು ಅಲ್ಲೇ ಬೆಳೆಸುವುದು, ಕೆರೆದು ತೆಗೆಯುವುದು. ಆಲ್ಗೀ ಸ್ಕ್ರಬ್ಬರ್ ಅನ್ನುತ್ತಾರೆ. ಕೊಳ್ಳುವುದಾದರೆ ದುಬಾರಿ. ಮಾಡಿಕೊಳ್ಳುವುದಾದರೆ ಬೇಕಾದದ್ದು ಒಂದು ಉದ್ದ ಸೀಳು ಕೊರೆದ ಪಿವಿಸಿ ಪೈಪು, ಸಣ್ಣ ಪಂಪು, ಗಿಡ ಬೆಳೆಸುವ ಕೆಂಪು ಎಲ್‌ಇಡಿ, ಮತ್ತೆ ಒಂದು ಪ್ಲಾಸ್ಟಿಕ್ ಕ್ಯಾನ್ವಾಸ್, ಅಂದರೆ ಉಲ್ಲನ್ನಿನಲ್ಲಿ ಗಣಪತಿ, ಗಿಳಿ ಹೆಣೆಯಲು ಬಳಸುತ್ತಾರಲ್ಲ, ಅದು. ಚಿಕ್ಕಮ್ಮನ ಹತ್ತಿರ ಇತ್ತು. ಅರ್ಧ ಗಿಳಿಯೂ ಇತ್ತು ಅದರಲ್ಲಿ.

ಗಿಳಿ ಬಿಚ್ಚಿದ್ದು ಯಾರು, ಯಾವಾಗ, ಕೇಳಿಯೇ ಬಿಚ್ಚಿದರೋ ಇಲ್ಲವೋ, ಅದರ ಬಗ್ಗೆ ಆ ಮನೆಯಲ್ಲಿ ಇಂದಿಗೂ ಎರಡು ಪಾಠಗಳಿವೆ. ಚಿಕ್ಕಪ್ಪ ಆ ಹಾಳೆಯನ್ನು ಗರಗಸದ ಅಲುಗಿನಲ್ಲಿ ಎರಡೂ ಮೈ ಉಜ್ಜಿ ಮುಳ್ಳುಮುಳ್ಳಾಗಿಸಿದರು; ನುಣುಪಾಗಿದ್ದರೆ ಪಾಚಿ ಬೇರು ಹಿಡಿಯುವುದಿಲ್ಲ, ಒಮ್ಮೆಗೇ ಜಾರಿ ಬೀಳುತ್ತದೆ. ಪೈಪಿನ ಸೀಳಿಗೆ ಸಿಕ್ಕಿಸಿ ಟ್ಯಾಂಕಿನ ಕೆಳಗಿನ ಸಂಪಿನಲ್ಲಿ ತೂಗುಹಾಕಿದರು. ಎರಡು ಕಡೆಯೂ ನೀರಿನ ತೆಳು ಪರದೆ ಇಳಿಯಬೇಕು, ಎರಡು ಕಡೆಯೂ ಬೆಳಕು. ಮೇಲಿನ ಟ್ಯಾಂಕಿನ ಲೈಟ್ ಆರಿದ ಮೇಲೆ ಇದರ ಲೈಟ್ ಉರಿಯುವಂತೆ ಟೈಮರ್ ಇಟ್ಟರು. ರಾತ್ರಿ ಟ್ಯಾಂಕಿನಲ್ಲಿ ಎಲ್ಲ ಜೀವಿಗಳೂ ಉಸಿರು ಬಿಟ್ಟು ಇಂಗಾಲಾಮ್ಲ ಹೆಚ್ಚಿ ಪಿಎಚ್ ಇಳಿಯುತ್ತದೆ. ಆಗ ಕೆಳಗೆ ಪಾಚಿ ಅದನ್ನು ಹೀರುತ್ತಿದ್ದರೆ ಅಷ್ಟು ಇಳಿಯುವುದಿಲ್ಲ.

ಮೇಲಿನ ಬಂಡೆಗಳನ್ನೂ ಸುಮ್ಮನೆ ಬಿಡಲಿಲ್ಲ. ಒಂದೊಂದೇ ಬಂಡೆಯ ಕೂದಲನ್ನು ಕೈಯಲ್ಲಿ ಕಿತ್ತು, ಕಿತ್ತಲ್ಲೇ ಸಣ್ಣ ಪೈಪು ಹಿಡಿದು ಚೂರುಗಳನ್ನು ಎಳೆದುಕೊಳ್ಳುವುದು. ಇಲ್ಲದಿದ್ದರೆ ಹಾರಿಹೋದ ಒಂದೊಂದು ಚೂರೂ ಇನ್ನೊಂದು ಕಡೆ ಊರುತ್ತದೆ. ಗಿಡ್ಡಾದ ಕಡೆ ಶಂಖದ ಹುಳಗಳು ತಾವಾಗಿ ಬಂದವು. ಹೊಸ ರೆಸಿನ್ ಬಂತು. ಮೇ ತಿಂಗಳ ಮಳೆ ಬಂದ ಮೇಲೆ ಚಿಕ್ಕಮ್ಮ ತಾರಸಿಯ ನೀರನ್ನು ಡ್ರಮ್ಮಿಗೆ ತಿರುಗಿಸಿ, "ತಗೊಳ್ಳಿ, ಇದನ್ನ ನಿಮ್ಮ ಮಿಷನ್ನಿಗೆ ಹಾಕಿ" ಅಂದರು. ಆರ್‌ಒಗೆ ಅಷ್ಟು ಸುಖದ ನೀರು ಅದುವರೆಗೂ ಸಿಕ್ಕಿರಲಿಲ್ಲ.

ಸ್ಕ್ರಬ್ಬರಿನ ಹಾಳೆಗೆ ಮೊದಲು ಹಿಡಿದದ್ದು ಕಂದು ಲೋಳೆ, ಆಮೇಲೆ ಹಸಿರು ಜುಂಗು. ಹಸಿರು ಬಂದ ದಿನ ಚಿಕ್ಕಪ್ಪ ಎಲ್ಲರಿಗೂ ಫೋನ್ ಮಾಡಿದರು. ಅಷ್ಟು ದಿನ ಅದೇ ಪಾಚಿಗೆ ಶಾಪ ಹಾಕಿದ್ದ ಮನುಷ್ಯ. ವಾರಕ್ಕೊಮ್ಮೆ ಹಾಳೆ ತೆಗೆದು, ಸಿಂಕಿನಲ್ಲಿ ಇಟ್ಟು, ಹಳೆಯ ಎಟಿಎಂ ಕಾರ್ಡಿನಲ್ಲಿ ಕೆರೆದು, ನೀರು ಹಿಂಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಟ್‌ಬುಕ್ಕಿಗೆ ಬರೆಯುವುದು. ತಕ್ಕಡಿಯ ವಿಷಯಕ್ಕೂ ಜಗಳವಾಗಿದೆ. ಮೇಲೆ ಬಂಡೆಯ ಪಾಚಿ ತಕ್ಷಣ ಸೋಲಲಿಲ್ಲ. ಆಷಾಢದ ಹೊತ್ತಿಗೆ ಬಣ್ಣ ತೆಳುವಾಯಿತು, ಎಳೆಗಳು ಪುಸುಕ್ಕನೆ ಕಿತ್ತುಬರತೊಡಗಿದವು, ಖಾಲಿಯಾದ ಕಲ್ಲಿನ ಮೇಲೆ ಕೊರಲೈನ್ ಪಾಚಿಯ ನೇರಳೆ ಮಚ್ಚೆ ಎದ್ದಿತು. ಗಣಪತಿ ಹಬ್ಬಕ್ಕೆ ಹೋದಾಗ ಜೋಅಂಥಿಡ್‌ಗಳು ಬಾಯಿ ತೆರೆದಿದ್ದವು. ಫಾಸ್ಫೇಟ್ ಟೆಸ್ಟ್ ಸೊನ್ನೆ ಬಿಟ್ಟು 0.03 ತೋರಿಸುತ್ತಿತ್ತು. ಘಟಕ ಬೇರೆ, ವಸ್ತು ಬೇರೆ, ಆದರೂ ಹಳೆಯ ಕಾರ್ಖಾನೆಯ ಅಂಕಿ ಕಂಡು ಚಿಕ್ಕಪ್ಪನ ಮುಖ ಅರಳಿತು.

ಅಕ್ಟೋಬರ್ 16ಕ್ಕೆ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್. ವಾಟರ್ ಚೇಂಜ್ ಮತ್ತೆ ಶುರು. ಕೆರೆದ ಪಾಚಿಯನ್ನು ಉಪ್ಪು ಹೋಗುವಂತೆ ಎರಡು ನೀರಿನಲ್ಲಿ ಜಾಲಿಸಿ ಚಿಕ್ಕಮ್ಮ ಕರಿಬೇವಿನ ಬುಡಕ್ಕೆ ಹಾಕುತ್ತಾರೆ. ಬ್ಲೆನ್ನಿಗೆ ಮೇವು ಸಾಲದಾಗಿದೆ. ಅದಕ್ಕಾಗಿ ಹಿಂದಿನ ಗಾಜನ್ನು ಈಗ ಉಜ್ಜುವುದಿಲ್ಲ. ಗಿಳಿಯ ಕ್ಯಾನ್ವಾಸಿಗೆ ಬದಲು ಇನ್ನೊಂದು ತಂದುಕೊಡುತ್ತೇನೆ ಅಂತ ಚಿಕ್ಕಪ್ಪ ಅವೆನ್ಯೂ ರಸ್ತೆಗೆ ಹೋಗಿ, ಎರಡು ಹಾಳೆ ತಂದು, ಎರಡನ್ನೂ ಗರಗಸದಲ್ಲಿ ಉಜ್ಜಿಟ್ಟಿದ್ದಾರೆ.